ಹೆಣ ತೊಳೆಯುವ ಪಾತ್ರ

ನನ್ನ ಅಕ್ಕ ನಶ್ವಾ ಹೆರಿಗೆಯಾಗಿ ಕೂಸನ್ನೆತ್ತಿಕೊಂಡು ತವರಿಗೆ ಬಂದ ಹದಿಮೂರನೆಯ ದಿನ ತೇತಾಗೆ ಫೋನ್ ಬಂತು. ತೇತಾ ಅಂದರೆ ನಮ್ಮಜ್ಜಿ, ಅಪ್ಪನ ತಾಯಿ. ಕೈರೋದ ಶುಬ್ರಾ ಬಡಾವಣೆಯ ಆ ನಾಲ್ಕನೆಯ ಮಹಡಿಯ ಮನೆಯಲ್ಲಿ ಆಗ ಆರು ಜೀವ, ಮೂರು ಕೋಣೆ, ಒಂದು ಫ್ಯಾನು. ಬಾಣಂತಿಗೆ ಗಾಳಿ ತಗಲಬಾರದು, ಫ್ಯಾನು ಕೊಡುವುದಿಲ್ಲ ಅಂತ ಅಮ್ಮ. ಕೊಡದಿದ್ದರೆ ಈ ಸೆಕೆಗೆ ನಾನೇ ಹೋಗಿಬಿಡುತ್ತೇನೆ ಅಂತ ನಶ್ವಾ. ಆ ಜಗಳದ ನಡುವೆಯೇ ಫೋನ್ ಹೊಡೆದುಕೊಂಡಿತು.

“ಹೌದು, ನಾನೇ ಇನ್ಸಾಫ್ ಬದ್ರಾನ್,” ಅಂದಳು ತೇತಾ. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಇಲ್ಲಮ್ಮ, ಸತ್ತಿಲ್ಲ. ಯಾರು ಹೇಳಿದ್ದು?”

ಫೋನ್ ಇಟ್ಟವಳು ತನ್ನ ಕೋಣೆಗೆ ಹೋದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತು, ಅಮ್ಮ ಮುಲೂಖಿಯಾ ಸೊಪ್ಪಿನ ಸಾರು ಬಡಿಸುತ್ತಿರುವಾಗ ತೇತಾ ಹೇಳಿದಳು.

“ನಂಗೆ ಪಾತ್ರ ಬಂದಿದೆ. ರಮದಾನ್ ಧಾರಾವಾಹಿ. ನಾಲ್ಕು ದೃಶ್ಯ.”

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. ಹದಿನಾಲ್ಕು ವರ್ಷದಿಂದ ತೇತಾಗೆ ಯಾವ ಪಾತ್ರವೂ ಬಂದಿರಲಿಲ್ಲ, ಅವನು ನೆಮ್ಮದಿಯಾಗಿದ್ದ. “ಯಾರ ತಾಯಿ ಪಾತ್ರ?” ಅಂತ ಕೇಳಿದ.

“ಯಾರ ತಾಯೀನೂ ಅಲ್ಲ. ಹೆಣ ತೊಳೆಯೋಳು.”

ಅಮ್ಮನ ಕೈಯ ಸೌಟು ಪಾತ್ರೆಯೊಳಗೇ ಬಿತ್ತು.

“ಸೊಹಾಗ್ ಕಡೆಯೋಳಂತೆ,” ಅಂದಳು ತೇತಾ, ಏನೂ ಆಗಿಲ್ಲವೆಂಬಂತೆ. “ರವ್‌ಹಿಯಾ, ನಿನ್ನ ಊರಿನ ಮಾತು ಸ್ವಲ್ಪ ನಂಗೆ ತಿದ್ದಿಕೊಡ್ಬೇಕು.”

ಅಮ್ಮ ಮೂವತ್ತು ವರ್ಷದಿಂದ ಕೈರೋದಲ್ಲಿದ್ದಾಳೆ, ಅವಳ ಬಾಯಿ ಇನ್ನೂ ದಕ್ಷಿಣದ ಆ ಸೊಹಾಗ್ ಬಿಟ್ಟು ಬಂದಿಲ್ಲ. “ಬಾಣಂತಿ ಇರೋ ಮನ್ಯಾಗ ಆ ಸುದ್ದಿ ಎತ್ತಬ್ಯಾಡ್ರಿ, ಅತ್ತಿ,” ಅಂದಳು. “ನಲವತ್ತು ದಿನ ಮುಗೀಲಿ. ಆಮ್ಯಾಲ ಬೇಕಾದ್ರ ಗೋರಿ ತೋಡೋ ಪಾತ್ರ ಮಾಡ್ರಿ.”

“ಅವರು ನಲವತ್ತು ದಿನ ಕಾಯಲ್ಲ ಕಣೇ. ರಮದಾನ್ ಕಾಯುತ್ತಾ?”

“ನನ್ನ ಕಚೇರೀಲಿ ಏನಂತಾರೆ ಅಂತ ಯೋಚ್ನೆ ಮಾಡಿದ್ಯಾ ಅಮ್ಮ?” ಅಂದ ಅಪ್ಪ.

“ಅದೇ ಅಂತಾರೆ, ಮುಖ್ತಾರನ ತಾಯಿ ಇನ್ನೂ ದುಡೀತಾಳೆ ಅಂತ.”

ನಾನು ನಕ್ಕೆ. ಅಪ್ಪ ನನ್ನ ಕಡೆ ನೋಡಿದ ನೋಟಕ್ಕೆ ಸಾರಿನ ಬಟ್ಟಲು ಸೀಳಬೇಕಿತ್ತು.

ಅಪ್ಪನದೂ ತಪ್ಪಿಲ್ಲ ಅನ್ನುತ್ತಾರೆ ಜನ. ನಾನು ಅನ್ನುವುದಿಲ್ಲ. ಅವನು ಚಿಕ್ಕವನಿದ್ದಾಗ ತೇತಾ ಒಂದು ಚಿತ್ರದಲ್ಲಿ ಕಳ್ಳಿಯಾಗಿದ್ದಳು, ಟ್ರಾಮಿನಲ್ಲಿ ಹೆಂಗಸರ ಬಳೆ ಎಗರಿಸುವವಳು. ಶಾಲೆಯಲ್ಲಿ ಹುಡುಗರು ಅವನನ್ನು ಕಳ್ಳಿ ಮಗ ಅಂತ ಕರೆದರು. ಅವನು ತಲೆತಗ್ಗಿಸಿಕೊಂಡು ಓದಿ ಸರ್ಕಾರಿ ಗುಮಾಸ್ತನಾದ. ನನ್ನ ಕಾಲಕ್ಕೆ ಅದೇ ಹಳೆಯ ಚಿತ್ರಗಳು ಟೀವಿಯಲ್ಲಿ ಬರುತ್ತಿದ್ದವು. ಮೇಷ್ಟ್ರೊಬ್ಬ ತರಗತಿಯ ಎದುರಿಗೆ, “ನಿಮ್ಮಜ್ಜಿ ಕುಣಿಯೋಳಲ್ವೇನೋ?” ಅಂದ. ನಾನು ತಲೆತಗ್ಗಿಸಲಿಲ್ಲ. ಡಸ್ಟರ್ ಬೀಸಿದೆ. ಅವನ ಹುಬ್ಬು ಒಡೆಯಿತು, ನನ್ನ ಓದು ಮುಗಿಯಿತು. ಈಗ ಸಬ್ತಿಯಾ ಪೇಟೆಯಲ್ಲಿ ಲಾರಿಗಳ ರೇಡಿಯೇಟರ್ ಬೆಸುಗೆ ಹಾಕುತ್ತೇನೆ. ಕೈಯೆಲ್ಲ ಸುಟ್ಟ ಗುರುತು.

ಕುಣಿಯುವವಳ ಪಾತ್ರವನ್ನೂ ಅವಳು ಮಾಡಿದ್ದಳು, ನಿಜ. ಹದಿನಾಲ್ಕನೆಯ ವಯಸ್ಸಿಗೆ ನಾಟಕದ ಕಂಪನಿ ಸೇರಿದವಳು ನೂರಾ ಹನ್ನೆರಡು ಚಿತ್ರಗಳಲ್ಲಿ ಏನೇನಾಗಿಲ್ಲ? ಕುರುಡಿ, ಪಾಷಾನ ಟರ್ಕಿ ಹೆಂಡತಿ, ಸೂಲಗಿತ್ತಿ, ಜೈಲಿನ ಕಾವಲುಗಾರ್ತಿ, ಸಂತೆಯಲ್ಲಿ ಮೀನು ಮಾರುವವಳು. ಇಪ್ಪತ್ತಾರು ವಯಸ್ಸಿಗೆ ಕೂದಲಿಗೆ ಹಿಟ್ಟು ಬಳಿದುಕೊಂಡು, ತನಗಿಂತ ಏಳು ವರ್ಷ ದೊಡ್ಡ ನಾಯಕನಿಗೆ ತಾಯಿಯಾದಳು. ಪೋಸ್ಟರಿನ ಮೇಲೆ ಒಂದು ಸಲವೂ ಅವಳ ಮುಖ ಬರಲಿಲ್ಲ. ನಮ್ಮ ಬೀದಿಯ ತರಕಾರಿಯವನು, ಕಳ್ಳಿಯೂ ಕುರುಡಿಯೂ ಒಬ್ಬಳೇ ಅಂದರೆ ಇವತ್ತಿಗೂ ನಂಬುವುದಿಲ್ಲ. “ಆ ಕುರುಡಿ ಪಾಪದ ಹೆಂಗಸು, ಅಮ್ಮಾ,” ಅಂತ ತೇತಾಗೇ ಬುದ್ಧಿ ಹೇಳಿದ್ದ. “ಆ ಕಳ್ಳಿ ಜೊತೆ ಸೇರಿಸಬೇಡಿ ಅವಳನ್ನ.”

ಅವಳ ಕೆಲಸದ ರೀತಿಯೇ ಹಾಗೆ. ಯಾವ ಪಾತ್ರವನ್ನೂ ಕೈಯಿಂದ ಕಲಿಯದೆ ಮಾಡುವುದಿಲ್ಲ. ಅಗಸಗಿತ್ತಿಯಾಗಲು ಮೂರು ವಾರ ಬೂಲಾಕ್‌ನ ಬಾನಿಯಲ್ಲಿ ಬಟ್ಟೆ ತಿಕ್ಕಿದಳು. ಕುರುಡಿಯಾಗಲು ಒಂದು ತಿಂಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಓಡಾಡಿದಳು, ತಾತ ತುತ್ತು ಕೊಡುತ್ತಿದ್ದ. ಸೂಲಗಿತ್ತಿಯ ಜೊತೆ ಏಳು ಹೆರಿಗೆ ನೋಡಿದಳು. ಕೆಟ್ಟ ಅತ್ತೆಯ ಪಾತ್ರಕ್ಕೆ ಎಲ್ಲಿ ಹೋಗಿ ಕಲಿತೆ ಅಂತ ನಾನೊಮ್ಮೆ ಕೇಳಿದ್ದೆ. “ಅದಕ್ಕೆ ಹೊರಗೆ ಹೋಗೋದೇನಿತ್ತು? ನಿನ್ನ ತಾತನ ತಾಯಿ ಮನೇಲೇ ಇದ್ಳಲ್ಲ,” ಅಂದಳು.

ಹಾಗಾಗಿ ಈ ಪಾತ್ರ ಬಂದಾಗ ಮುಂದೇನು ಅನ್ನುವುದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಅವಳು ಬಾಗಿಲಲ್ಲಿ ಪೊಲೀಸಿನವಳ ಹಾಗೆ ನಿಂತಳು. ಮುಶಾಹರಾ ಅಂತ ಒಂದಿದೆ ನಮ್ಮಲ್ಲಿ. ಹೆರಿಗೆಯಾದ ನಲವತ್ತು ದಿನ ಬಾಣಂತಿಯ ಕೋಣೆಗೆ ಕೆಲವು ಬರಕೂಡದು. ಹಸಿ ಮಾಂಸ ಬರಕೂಡದು, ಬದನೆಕಾಯಿ ಬರಕೂಡದು, ಸಾವಿನ ಮನೆಯಿಂದ ಎದ್ದುಬಂದವರಂತೂ ಬರಲೇಕೂಡದು. ಬಂದರೆ ಹಾಲು ನಿಲ್ಲುತ್ತದೆ. ಅಪ್ಪ ಒಂದು ಸಂಜೆ ಮರೆತು ಎರಡು ಕಿಲೋ ಬದನೆಕಾಯಿ ತಂದ. ಅಮ್ಮ ಅವನನ್ನು ಮೆಟ್ಟಿಲಿಂದಲೇ ವಾಪಸ್ಸಟ್ಟಿದಳು. ನಾಲ್ಕು ಮಹಡಿ ಇಳಿದು, ತರಕಾರಿಯವನ ಜೊತೆ ವಾದ ಮಾಡಿ, ಕುಂಬಳಕಾಯಿ ಹೊತ್ತು ತಂದ. ಆ ತಿಂಗಳು ಪೂರ್ತಿ ಕುಂಬಳಕಾಯಿ ತಿಂದೆವು.

ಮೂರನೆಯ ದಿನ ಅಮ್ಮ ಒಗೆದ ಬಟ್ಟೆ ಇಡಲು ತೇತಾಳ ಕೋಣೆಗೆ ಹೋದಳು. ಮಂಚದ ಮೇಲೆ ಉದ್ದ ದಿಂಬು ಮಲಗಿತ್ತು, ಅದರ ಮೇಲೆ ಬಿಳಿ ದುಪ್ಪಟಿ. ತೇತಾ ದುಪ್ಪಟಿಯ ಅಡಿಗೆ ಕೈಬಿಟ್ಟು, ಖಾಲಿ ಚೊಂಬಿನಿಂದ ದಿಂಬಿನ ಬಲಭುಜಕ್ಕೆ ನೀರು ಹೊಯ್ಯುತ್ತಿದ್ದಳು.

ಅಮ್ಮ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದಳು. ನಾನು ಓಡಿಬಂದೆ.

“ಏನ ಮಾಡಾಕತ್ತೀರಿ ಇದು? ಕೂಸಿರೋ ಮನ್ಯಾಗ ಹೆಣ ಮಲಗಿಸೀರೇನು?”

“ದಿಂಬು ಕಣೇ. ಮುಟ್ಟಿ ನೋಡು, ಹತ್ತಿ.”

“ಹತ್ತಿಗೆ ಯಾಕ ಕಫನ್ ಹೊದಿಸೀರಿ?”

“ಕಫನ್ ಅಲ್ಲ, ನಿನ್ನ ಮಗಳ ಮದುವೆ ದುಪ್ಪಟಿ.”

ಆ ಮಾತು ಆಡಬಾರದಿತ್ತು. ಅಮ್ಮ ದುಪ್ಪಟಿ ಕಿತ್ತುಕೊಂಡು ಹೋಗಿ ಕುದಿಯುವ ನೀರಿಗೆ ಹಾಕಿದಳು. ದಿಂಬನ್ನು ತಾರಸಿಗೆ ಒಯ್ದು ಎರಡು ದಿನ ಬಿಸಿಲಿಗಿಟ್ಟಳು.

ತೇತಾ ಆ ರಾತ್ರಿ ತಲೆಗೆ ಏನೂ ಇಲ್ಲದೆ ಮಲಗಿದಳು. ಬೆಳಗ್ಗೆ ನನ್ನ ಕಿವಿಯ ಹತ್ತಿರ ಬಂದು, “ನಿನ್ನ ಮೋಟರ್‌ಸೈಕಲ್ಲಿಗೆ ಪೆಟ್ರೋಲ್ ಇದೆಯೇನೋ, ಝಿಯಾದ್?” ಅಂದಳು.

ನಾನೇ ಕರೆದುಕೊಂಡು ಹೋದೆ. ಯಾರೂ ನನ್ನನ್ನು ಪುಸಲಾಯಿಸಲಿಲ್ಲ. ಎಪ್ಪತ್ತೆರಡು ವಯಸ್ಸಿನ ಹೆಂಗಸು ಒಂದೇ ಕಡೆ ಕಾಲು ಹಾಕಿ, ನನ್ನ ಬೆಲ್ಟು ಹಿಡಿದು ಕೂತಿದ್ದಳು. ಇಮಾಮ್ ಶಾಫಿಯ ಗೋರಿಗಳ ಹಿಂದಿನ ಓಣಿಯಲ್ಲಿ ಉಮ್ಮ್ ಖಲಫ್ ಅನ್ನುವವಳಿದ್ದಾಳೆ, ಅಮ್ಮನ ಹಾಗೇ ದಕ್ಷಿಣದವಳು, ಕಿನಾ ಕಡೆಯವಳು, ಹೆಂಗಸರ ಹೆಣ ತೊಳೆಯುವುದೇ ಅವಳ ಕಸುಬು. ಅವತ್ತು ಮುದುಕಿಯೊಬ್ಬಳು ತೀರಿಹೋಗಿದ್ದಳು. ಮನೆಯವರನ್ನು ಕೇಳಿ ಒಪ್ಪಿಸಿ ತೇತಾಳನ್ನು ಕೈಯಾಳಾಗಿ ಒಳಗೆ ಸೇರಿಸಿಕೊಂಡಳು. ನಾನು ಎದುರಿನ ಅಂಗಡಿಯಲ್ಲಿ ಕಬ್ಬಿನಹಾಲು ಕುಡಿಯುತ್ತಾ ಒಂದೂವರೆ ಗಂಟೆ ಕಾದೆ.

ಹೊರಗೆ ಬಂದ ಉಮ್ಮ್ ಖಲಫ್ ನನಗೆ ಹೇಳಿದಳು: “ನಿಮ್ಮಜ್ಜಿ ಕೈ ಚಲೋ ಐತಿ. ನಡಗಂಗಿಲ್ಲ. ಸಿನಿಮಾ ಸಾಕಾದ್ರ ಇತ್ತ ಕಳಸು, ನಮ್ಮ ಕಸುಬಿನಾಗ ಸುಗ್ಗಿ ಮುಗಿಯೂದಿಲ್ಲ.”

ತೇತಾ ಅವಳ ಮನೆಯಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿದಳು. ವಾಪಸು ಹೊರಟೆವು. ಸೇತುವೆಯ ಮೇಲೆ ಗಾಡಿಗಳು ಕಟ್ಟಿ ನಿಂತಾಗ ನನ್ನ ಬೆನ್ನಿಗೆ ಹೇಳಿದಳು: “ಅಳಬಾರದಂತೆ. ಕಣ್ಣೀರು ಮೈಮೇಲೆ ಬೀಳಬಾರದು. ಬರೆದೋನು ನಾಲ್ಕು ದೃಶ್ಯದಲ್ಲೂ ಅಳು ಬರೆದಿದ್ದಾನೆ, ಕತ್ತೆ.”

ಮನೆಗೆ ಬಂದವಳು ಸೀದಾ ತನ್ನ ಕೋಣೆಗೇ ಹೊರಟಿದ್ದಳು. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಳು. ನಶ್ವಾ ಒಳಗಿನಿಂದ ಕೂಗಿದಳು, “ತೇತಾ, ಬಾ, ಇವಳನ್ನ ಹಿಡ್ಕೊ, ಮೈಯೆಲ್ಲಾ ಅಂಟಂಟು, ನೀರು ಹುಯ್ಕೊಂಡು ಬರ್ತೀನಿ.” ಕೂಸು ಕಿರುಚುತ್ತಿತ್ತು. ತೇತಾ ಒಂದು ಗಳಿಗೆ ನಿಂತಳು. ಆಮೇಲೆ ಹೋದಳು. ನಾನು ನೋಡಿದೆ, ತಡೆಯಲಿಲ್ಲ.

ಎರಡನೆಯ ದಿನ ಕೂಸು ಅಳು ನಿಲ್ಲಿಸಲಿಲ್ಲ. ನಶ್ವಾ ಒಂದು ಮೊಲೆ, ಇನ್ನೊಂದು ಮೊಲೆ, ಏನೂ ಇಲ್ಲ. ಅಮ್ಮ ಮೆಂತೆ ಕುದಿಸಿ ಕುಡಿಸಿದಳು, ಕೋಳಿ ಸಾರು ಕುಡಿಸಿದಳು. ಅದೇ ಮಧ್ಯಾಹ್ನ ಬಟ್ಟೆ ಒಗೆಯುವಾಗ ತೇತಾಳ ತಲೆವಸ್ತ್ರ ಅವಳ ಕೈಗೆ ಬಂತು. ಮೂಗಿಗೆ ಹಿಡಿದಳು. ಕರ್ಪೂರ, ಹೆಣ ತೊಳೆಯುವ ಕೊನೆಯ ನೀರಿಗೆ ಹಾಕುವುದು.

ಅವಳು ಕೂಗಲಿಲ್ಲ ಆ ಸಲ. ಒದ್ದೆ ವಸ್ತ್ರ ಹಿಡಿದು ತೇತಾಳ ಮುಂದೆ ಬಂದು ನಿಂತಳು.

“ಎಲ್ಲಿಗೆ ಹೋಗಿದ್ರಿ?”

“ಕಲಿಯೋಕೆ.”

“ಆಮ್ಯಾಲ ನಶ್ವಾನ ಕೋಣಿಗೆ ಹೋಗಿದ್ರಿ.”

“ಸ್ನಾನ ಮಾಡಿದ್ದೆ, ರವ್‌ಹಿಯಾ.”

“ಹೋಗಿದ್ರಿ.”

“ಹೋಗಿದ್ದೆ.”

ಆಮೇಲೆ ಆ ಮನೆಯಲ್ಲಿ ಆಗಿದ್ದು ಹೇಳಿದರೆ ನನಗೆ ಈಗಲೂ ಕೈ ಬಿಗಿಯುತ್ತದೆ. ಮುಶಾಹರಾ ಬಿಡಿಸಲು ಅಮ್ಮ ನೆರೆಯವಳಿಂದ ನೀಲಿ ಮಣಿಸರ ತಂದು ನೀರಲ್ಲಿ ನೆನೆಸಿ, ಆ ನೀರನ್ನು ನಶ್ವಾಳ ತಲೆಗೆ ಹೊಯ್ದಳು. ಹಸಿಬಾಣಂತಿಯನ್ನು ಉರಿಬಿಸಿಲಲ್ಲಿ ರೈಲುಹಳಿಗೆ ಕರೆದುಕೊಂಡು ಹೋಗಿ ಏಳು ಸಲ ದಾಟಿಸಿದಳು. ಅಪ್ಪ ಔಷಧಿ ಅಂಗಡಿಯಿಂದ ಹಾಲಿನ ಪುಡಿ ಡಬ್ಬ ತಂದ. ಕೂಸು ಅದನ್ನು ಕುಡಿದು ಗಡದ್ದಾಗಿ ಮಲಗಿತು. ಅಮ್ಮನಿಗೆ ಅದರಿಂದಲೂ ಸಮಾಧಾನವಾಗಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ಕುಂಬಳಕಾಯಿ ಕಡೆ ನೋಡುತ್ತಾ ಹೇಳಿದ: “ಅಮ್ಮ, ನಲವತ್ತು ಮುಗಿಯೋವರೆಗೆ ನೀನು ತಾರಸಿ ಕೋಣೇಲಿ ಇದ್ರೆ ಹೇಗೆ? ಗಾಳಿ ಚೆನ್ನಾಗಿ ಬರುತ್ತೆ.”

ತಾರಸಿ ಕೋಣೆ ಅಂದರೆ ಬಟ್ಟೆ ಒಗೆಯುವ ತಗಡಿನ ಗೂಡು.

“ಗಾಳಿ ಅಷ್ಟು ಚೆನ್ನಾಗಿದ್ರೆ ನೀನೇ ಹೋಗಿ ಮಲಕ್ಕೊ ಅಪ್ಪ,” ಅಂದೆ ನಾನು.

“ನೀನು ಬಾಯಿ ಮುಚ್ಚು. ಗಾಡಿ ಓಡಿಸಿದ್ದು ನೀನೇ.”

“ಓಡಿಸ್ತೀನಿ. ನಾಳೆ ಮತ್ತೆ ಓಡಿಸ್ತೀನಿ.”

ತಟ್ಟೆ ನಾನು ಎಸೆದೆನೋ ಕೈತಗುಲಿ ಬಿತ್ತೋ, ಒಡೆಯಿತು. ತೇತಾ ಎದ್ದು ಚೂರುಗಳನ್ನು ಆಯ್ದಳು. “ಮೇಲೆ ಹೋಗ್ತೀನಿ,” ಅಂದಳು. “ಜೈಲಿನ ಚಿತ್ರಕ್ಕೆ ಅಂತ ಹನ್ನೊಂದು ದಿನ ನಿಜವಾದ ಜೈಲಲ್ಲಿ ಮಲಗಿದ್ದೆ. ಇದಕ್ಕೆ ಕಿಟಕಿನಾದ್ರೂ ಇದೆ.”

ಒಂದು ವಾರ ಹಾಗೇ ನಡೆಯಿತು. ನಾನು ಊಟ ಮೇಲಕ್ಕೆ ಒಯ್ಯುವುದು, ಅವಳು ಪಾತ್ರೆ ತೊಳೆದು ನಮ್ಮ ಬಾಗಿಲಾಚೆ ಇಟ್ಟು ಹೋಗುವುದು. ನಶ್ವಾಳ ಹಾಲು ಬರಲಿಲ್ಲ. ನಾನು ಕೆಲಸ ಬಿಟ್ಟು ಉಮ್ಮ್ ಖಲಫಳ ಹತ್ತಿರ ಹೋದೆ, ಇದಕ್ಕೇನಾದರೂ ಮಾರ್ಗ ಇದೆಯಾ ಅಂತ.

ಅವಳು ಬೀನ್ಸ್ ಬಿಡಿಸುತ್ತಾ ಕೂತಿದ್ದಳು. “ನನಗ ಆರು ಮಕ್ಕಳು,” ಅಂದಳು. “ಸೊಸೆಂದಿರು ಹಡದದ್ದು ಹನ್ನೊಂದು. ನಾ ದಿನಾ ಹೆಣ ತೊಳದು ಮನಿಗೆ ಹೋಗಾಕಿ. ಹೆಂಗ ಹೋಗ್ತೀನಿ ಅಂದಿ? ನಾ ಹೊಸ್ತಿಲದಾಚೆ ನಿಂದರ್ತೀನಿ, ಬಾಣಂತಿ ಎದ್ದು ಕೂಸು ಎತಗೊಂಡು ನನ್ನ ಕಡಿ ಹೊರಗ ಬರ್ತಾಳ. ಅಕಿ ಮೊದಲ ಬಂದ್ರ ಏನೂ ಆಗೂದಿಲ್ಲ. ನಾವು ಅವರ ಮ್ಯಾಲ ಹೋದ್ರ ಕೇಡು. ಅಷ್ಟ.”

“ಅಷ್ಟೇನಾ?”

“ನಿಮ್ಮವ್ವ ಸೊಹಾಗಿನಾಕಿ ಅಂದಿ. ಅಕಿಗೆ ಗೊತ್ತಿಲ್ಲೇನು? ಎಲ್ಲಾರಿಗೂ ಗೊತ್ತಿರತೈತಿ.”

ನಾನು ಮೆಟ್ಟಿಲು ಎರಡೆರಡು ಹತ್ತಿ ಮನೆಗೆ ಬಂದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು, ಅಪ್ಪ ಪೇಪರ್ ಹಿಡಿದಿದ್ದ.

“ಬಾಣಂತಿ ಹೊರಗೆ ಬಂದು ಎದುರುಗೊಂಡ್ರೆ ಸಾಕಂತೆ,” ಅಂದೆ. “ನಿಂಗೆ ಗೊತ್ತಿತ್ತಾ ಇಲ್ವಾ?”

ಅಮ್ಮ ಅಕ್ಕಿಯಿಂದ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. “ಗೊತ್ತಿತ್ತು.”

“ಗೊತ್ತಿದ್ದೂ ಮುದುಕೀನ ತಗಡಿನ ಕೆಳಗೆ ಬೇಯಿಸ್ತಿದ್ದೀಯ?”

“ಆಯ್ತು, ಕೇಳು ಹಂಗಾರ.” ಮೊರ ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. “ನಿನಗ ಒಬ್ಬ ಅಣ್ಣ ಇದ್ದ, ಹಾನಿ ಅಂತ. ಹೆಸರ ಕೇಳೀದಿ, ಅಷ್ಟ. ಇಪ್ಪತ್ತಾರ ದಿನದ ಕೂಸು. ನಿಮ್ಮಜ್ಜಿ ಗೋರಿಗಳ ನಡುವ ಸಿನಿಮಾ ಶೂಟಿಂಗ್ ಮುಗಿಸಿ ಬಂದ್ರು. ಕರೀ ಬಟ್ಟಿ, ಮುಖದ ಬಣ್ಣ ಸುದ್ದಾ ತಗದಿರಲಿಲ್ಲ. ಸೀದಾ ಒಳಗ ಬಂದು ನನ್ನ ಕೈಯಾಗಿನ ಕೂಸು ಎತಗೊಂಡ್ರು. ನಾ ಹೊಸಾ ಸೊಸಿ. ನಿಂದರ್ರಿ, ನಾ ಹೊರಗ ಬರ್ತೀನಿ ಅಂತ ಹೆಂಗ ಅನ್ಲಿ? ಮರುದಿನಾ ಹಾಲು ಹೋತು. ಏಳನೇ ದಿನಕ್ಕ ಅವ ಹೋದ.”

“ಜ್ವರ ಇತ್ತು ರವ್‌ಹಿಯಾ,” ಅಂದ ಅಪ್ಪ ಮೆಲ್ಲಗೆ. “ಡಾಕ್ಟರ್ ಹೇಳಿದ್ರಲ್ಲ.”

“ಡಾಕ್ಟರ್ ಹಡದಿರಲಿಲ್ಲ ಅವನ್ನ.”

ಬಾಗಿಲು ತೆರೆದೇ ಇತ್ತು. ತೇತಾ ತೊಳೆದ ಬಟ್ಟಲು ಹಿಡಿದು ಹೊಸ್ತಿಲಾಚೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಅವತ್ತಿಂದು ನಿಜವಾದ ಹೆಣ ಅಲ್ಲ, ರವ್‌ಹಿಯಾ,” ಅಂದಳು. “ಪೆಟ್ಟಿಗೆ ಖಾಲಿ ಇತ್ತು.”

“ಗೋರಿ ಖರೇವ ಇದ್ವಲ್ಲ?”

ತೇತಾ ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿದಳು. “ಹೌದು. ಗೋರಿಗಳು ನಿಜದ್ದೇ.”

ಆಮೇಲೆ ಕೇಳಿದಳು, “ಇಪ್ಪತ್ತೇಳು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ರ ಏನ ಮಾಡ್ತಿದ್ರಿ? ಅದನ್ನೂ ಕಲತು ಒಂದು ಪಾತ್ರ ಮಾಡ್ತಿದ್ರಿ.”

ತೇತಾ ಬಟ್ಟಲನ್ನು ನೆಲಕ್ಕಿಟ್ಟಳು. ಒಳಗೆ ಬರಲಿಲ್ಲ. ಕೆಳಗಿನ ಮನೆಗೆ ಹೋಗಿ ಅವರ ಫೋನಿನಿಂದ ಸ್ಟುಡಿಯೋಗೆ ಹೇಳಿದಳು, ನನಗೆ ಮೈಯಲ್ಲಿ ಹುಷಾರಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂತ. ಕೆಳಗಿನ ಮನೆಯವಳು ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಅದನ್ನು ಹಂಚಿದಳು.

ಗೆದ್ದವರ ಮನೆ ಹೀಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಮ್ಮ ದಿನಕ್ಕೆ ಎರಡು ಸಲ ನೆಲ ಒರೆಸಿದಳು. ಅಪ್ಪ ಕಚೇರಿಯಿಂದ ತಡವಾಗಿ ಬರತೊಡಗಿದ. ಸಾರಿಗೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಪಟ್ಟು, ಎಲ್ಲರೂ ಹಾಗೇ ತಿಂದೆವು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಸುಗೆ ತಪ್ಪಿ ಎರಡು ರೇಡಿಯೇಟರ್ ಸೋರಿದವು, ಯಜಮಾನ ಬೈದ. ಅವತ್ತೇ ಅರ್ಧ ದಿನ ಬಿಟ್ಟು ಪಿರಮಿಡ್ ರಸ್ತೆಯ ಸ್ಟುಡಿಯೋಗೆ ಹೋದೆ. ಏನು ಕೇಳಲು ಅಂತ ನನಗೇ ಸ್ಪಷ್ಟವಿರಲಿಲ್ಲ.

ತೇತಾಗೆ ಫೋನ್ ಮಾಡಿದ್ದ ಸಲ್ಮಾ ಅನ್ನುವವಳು ಗೇಟಿನ ಹತ್ತಿರ ಬಂದಳು. ನನ್ನಷ್ಟೇ ವಯಸ್ಸು, ಕೈಯಲ್ಲಿ ಕಾಗದದ ಕಟ್ಟು, ಕಣ್ಣಲ್ಲಿ ನಿದ್ದೆಯಿಲ್ಲ.

“ಮದಾಮ್ ಇನ್ಸಾಫ್ ಹೇಗಿದ್ದಾರೆ? ಅವರು ಬರಲ್ಲ ಅಂದಮೇಲೆ ನಮ್ಗೆ ಯಾರೂ ಸಿಗ್ತಿಲ್ಲ.”

“ಇಷ್ಟು ಜನ ನಟಿಯರಿದ್ದಾರಲ್ಲ.”

“ಹೆಣ ತೊಳೆಯೋ ಪಾತ್ರ ಅಂದ್ರೆ ಓಡಿಹೋಗ್ತಾರೆ. ಅಪಶಕುನ ಅಂತೆ. ಮದಾಮ್‌ಗಿಂತ ಮುಂಚೆ ಕೇಳಿದಾಗ್ಲೇ ಒಬ್ಳು ಮಗಳ ಮದುವೆ ಇದೆ ಅಂದ್ಳು. ಒಬ್ಳು ಕೇಳಿದ ಕೂಡ್ಲೇ ಫೋನ್ ಇಟ್ಳು.”

“ಅಂದ್ರೆ ನಮ್ಮಜ್ಜಿ ಮೂರನೆಯವಳು.”

ಅವಳು ಕಾಗದ ನೋಡಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಐದನೆಯವರು.”

ಗೇಟಿಗೆ ಒದ್ದೆ. ಕಾವಲಿನವನು ಎದ್ದ. ಸಲ್ಮಾ ಅವನನ್ನು ಕೂರಿಸಿ, “ಬುಧವಾರದವರೆಗೆ ಕಾಯ್ತೀವಿ, ಹೇಳಿ ಅವರಿಗೆ,” ಅಂದಳು.

ತಾರಸಿಗೆ ಹೋಗಿ ತೇತಾಗೆ ಎಲ್ಲ ಹೇಳಿದೆ. ನೋವಾಗಲಿ ಅಂತಲೇ ಹೇಳಿದೆ. ನೋವಾದರೆ ನನ್ನ ಹಾಗೆ ಅವಳಿಗೂ ಸಿಟ್ಟು ಬರುತ್ತದಲ್ಲ. ಅವಳು ತೊಟ್ಟಿಯ ಅಂಚಿನ ಮೇಲೆ ಕೂತು ನಕ್ಕಳು.

“ಮತ್ತೇನಂದ್ಕೊಂಡಿದ್ದೆ? ನೂರಾ ಹನ್ನೆರಡೂ ಹಾಗೇ ಬಂದದ್ದು. ಕಳ್ಳಿ ಯಾರಿಗೂ ಬೇಡವಾಗಿತ್ತು. ತಾಯಿ ಆದ್ರೆ ಮತ್ತೆ ನಾಯಕಿ ಆಗಕ್ಕಾಗಲ್ಲ ಅಂತ ಅದೂ ಯಾರಿಗೂ ಬೇಡವಾಗಿತ್ತು. ಬೇರೆಯವರು ಬಿಟ್ಟಿದ್ದನ್ನೆಲ್ಲಾ ನಾನು ಹಾಕ್ಕೊಂಡೆ. ಈಗ ಪತ್ರಿಕೆಯವರು ಅದಕ್ಕೆ ಬಹುಮುಖ ಪ್ರತಿಭೆ ಅಂತಾರೆ.”

“ಹಾಗಾದ್ರೆ ಬಾ. ಬುಧವಾರ ನಾನು ಕರ್ಕೊಂಡು ಹೋಗ್ತೀನಿ.”

“ರವ್‌ಹಿಯಾ ಹೇಳಿದ್ರೆ ಹೋಗ್ತೀನಿ.”

“ಅವಳು ಹೇಳಲ್ಲ.”

“ಹಾಗಾದ್ರೆ ಹೋಗಲ್ಲ.” ನಗು ಹೋಗಿತ್ತು. “ಈ ಪಾತ್ರ ಬೇಕು ಕಣೋ ನಂಗೆ. ಎಷ್ಟು ಬೇಕು ಅಂತ ನಿಂಗೆ ಗೊತ್ತಿಲ್ಲ. ಅವತ್ತೂ ಹೀಗೇ ಬೇಕಾಗಿತ್ತು. ಬಣ್ಣ ತೆಗೆಯೋಷ್ಟು ಪುರಸೊತ್ತಿರಲಿಲ್ಲ.”

ಮರುದಿನ ಊಟಕ್ಕೆ ಕೂತಾಗ ನಾನು ಅಮ್ಮನಿಗೆ ಐದನೆಯವಳ ಕಥೆ ಹೇಳಿದೆ, ಕೂಗಿಯೇ ಹೇಳಿದೆ. ಇದ್ದಕ್ಕಿದ್ದಂತೆ ನಶ್ವಾ ರೊಟ್ಟಿ ಕೆಳಗಿಟ್ಟಳು.

“ತೇತಾ ಅಲ್ಲಿಗೆ ಹೋಗೋಕ್ಕಿಂತ ನಾಲ್ಕು ದಿನ ಮುಂಚೆನೇ ನನ್ನ ಹಾಲು ಕಮ್ಮಿ ಆಗಿತ್ತು.”



“ನಿನಗ ಬಾಯಿ ಇರ್ಲಿಲ್ಲೇನು?” ಅಂದಳು ಅಮ್ಮ.

“ಹೇಳಿದ್ರೆ ಬೈತಿದ್ದೆ. ಹಾಲಿಲ್ದೋಳು ಅಂತ ನಮ್ಮತ್ತೆಗೆ ಗೊತ್ತಾದ್ರೆ ಬಂದೋರಿಗೆಲ್ಲ ಸಾರ್ತಾಳೆ. ಮುಶಾಹರಾ ಅಂದ್ರೆ ನನ್ನ ತಪ್ಪಿರಲ್ವಲ್ಲ. ಸುಮ್ನಿದ್ದೆ.”

“ಹನ್ನೆರಡು ದಿನ ಸುಮ್ಕಿದ್ದಿ.”

“ನೀನು ಇಪ್ಪತ್ತೇಳು ವರ್ಷ ಸುಮ್ನಿದ್ಯಲ್ಲ.”

ಅಮ್ಮ ಕೈ ಎತ್ತಿದಳು, ಹೊಡೆಯುತ್ತಾಳೆ ಅಂದುಕೊಂಡೆ. ಆ ಕೈಯಿಂದ ತನ್ನ ತಲೆವಸ್ತ್ರ ಸರಿಮಾಡಿಕೊಂಡಳು. ಎದ್ದು ಅಡುಗೆಮನೆಗೆ ಹೋದಳು. ಒಂದು ಬಟ್ಟಲಿಗೆ ಸಾರು ಸುರಿದು, ನನಗೆ ಕೊಡದೆ, ತಾನೇ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಆ ಹನ್ನೆರಡು ದಿನದಲ್ಲಿ ಅವಳು ಮೇಲೆ ಹೋದದ್ದು ಅದೇ ಮೊದಲು. ನಾನು ಹಿಂದೆಯೇ ಹೋಗಿ ಮೆಟ್ಟಿಲ ತಿರುವಿನಲ್ಲಿ ನಿಂತೆ.

ತೇತಾ ಬಿಸಿಲಿಗಿಟ್ಟ ಅದೇ ದಿಂಬಿನ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದಳು. ಪಾತ್ರ ಬಿಟ್ಟಿದ್ದರೂ ಕೈಯ ಅಭ್ಯಾಸ ಬಿಟ್ಟಿರಲಿಲ್ಲ. ಅಮ್ಮನನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಅಮ್ಮ ಬಟ್ಟಲು ಕೆಳಗಿಟ್ಟಳು.

“ನಮ್ಮ ಕಡಿ ಹಂಗ ಕೂಡಂಗಿಲ್ಲ,” ಅಂದಳು.

“ಹೇಗೆ ಕೂತ್ಕೋತಾರೆ?”

“ಕೂಡಂಗೇ ಇಲ್ಲ. ನಿಂತ ತೊಳೀತಾರ. ಕೂಸಿಂದಾದ್ರ ಅಷ್ಟ ಕೂಡೂದು, ತೊಡಿ ಮ್ಯಾಲ ಇಟಗೊಂಡು.” ದಿಂಬಿನ ಸುಕ್ಕು ಸರಿಮಾಡಿದಳು. “ನೀರು ಹಾಕೂ ಮುಂದ ಸತ್ತಾಕಿ ಹೆಸರು ಕರೀತಾರ. ಒಮ್ಮೆ, ಮೆಲ್ಲಕ. ಯಾರು ಅಂತ ಅಕಿಗೂ ಗೊತ್ತಾಗ್ಲಿ ಅಂತ.”

ತೇತಾ ಎದ್ದು ನಿಂತಳು. ಅಮ್ಮ ಅವಳ ಮೊಣಕೈ ಹಿಡಿದು ಸ್ವಲ್ಪ ಕೆಳಗಿಳಿಸಿದಳು. ಇಳಿದು ಬಂದು ನನ್ನನ್ನು ದಾಟಿ ಹೋದಳು. ಮೇಲಿಂದ ತೇ‍ತಾ ನನ್ನನ್ನು ಕೇಳಿದಳು, “ಬುಧವಾರ ಎಷ್ಟು ಗಂಟೆಗಂತೆ?”

ಸ್ಟುಡಿಯೋದಲ್ಲಿ ನನ್ನನ್ನು ಒಳಗೆ ಬಿಟ್ಟರು. ಹೆಣವಾಗಿ ಮಲಗಿದವಳು ದಿನಗೂಲಿಯ ಹುಡುಗಿ, ತಣ್ಣನೆಯ ಹಲಗೆಗೆ ನಡುಗುತ್ತಿದ್ದಳು. ತೇತಾ ಯಾರಿಗೋ ಹೇಳಿ ನೀರು ಬೆಚ್ಚಗೆ ಮಾಡಿಸಿದಳು. ನಿರ್ದೇಶಕ, “ಕಣ್ಣೀರು ಬರಲಿ, ಮದಾಮ್,” ಅಂದ.

“ಅಳು ಬೇಕಾದ್ರೆ ಸತ್ತೋಳ ಮಗಳ ಪಾತ್ರ ಮಾಡೋಳನ್ನ ಅಳ್ಸಿ, ಉಸ್ತಾಝ್. ನಾನು ತೊಳೆಯೋಳು.”

ಕ್ಯಾಮೆರಾ ಓಡಿತು. ತೇತಾ ನಿಂತಳು, ಬಗ್ಗಿದಳು, ಕಾಗದದಲ್ಲಿದ್ದ ಸತ್ತವಳ ಹೆಸರನ್ನು ಸೊಹಾಗಿನ ದನಿಯಲ್ಲಿ ಒಮ್ಮೆ ಕರೆದಳು. ಬಲಭುಜಕ್ಕೆ ನೀರು ಬಿಟ್ಟಳು. ದುಪ್ಪಟಿಯ ಅಡಿಯಲ್ಲಿ ಅವಳ ಕೈ ಎಲ್ಲಿದೆ ಅಂತ ಕಾಣುತ್ತಿರಲಿಲ್ಲ, ಗೊತ್ತಾಗುತ್ತಿತ್ತು. ಕೂದಲನ್ನು ಮೂರು ಜಡೆ ಹೆಣೆದಳು. ಲೈಟು ಹಿಡಿದವನೊಬ್ಬ ಮುಖ ತಿರುಗಿಸಿಕೊಂಡ. ಕಟ್ ಅಂದ ಮೇಲೂ ಆ ಹುಡುಗಿ ಏಳಲಿಲ್ಲ. ಏನಾಯಿತು ಅಂತ ಓಡಿಹೋದರೆ, ಕಣ್ಣುಬಿಟ್ಟು, “ಏಳೋಕೆ ಮನಸ್ಸಾಗ್ಲಿಲ್ಲ,” ಅಂದಳು.

ಹಿಂತಿರುಗಿದಾಗ ಸಂಜೆಯ ಬಾಂಗು ಆಗುತ್ತಿತ್ತು. ನಾಲ್ಕು ಮಹಡಿ ಹತ್ತುವಾಗ ತೇತಾ ಪ್ರತಿ ತಿರುವಿನಲ್ಲೂ ನಿಂತಳು. ನಮ್ಮ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಬೆಳ್ಳುಳ್ಳಿ ಹುರಿಯುವ ವಾಸನೆ. ಅವಳು ಬಾಗಿಲಾಚೆ ಗೋಡೆಗೊರಗಿ ನಿಂತಳು. ತಾರಸಿಗೆ ಇನ್ನೂ ಒಂದು ಮಹಡಿ ಹತ್ತಬೇಕಿತ್ತು ಅವಳು.

“ಬಾ ಒಳಗೆ,” ಅಂದೆ. “ಅದು ಹೆಣಾನೇ ಅಲ್ಲ, ದಿನಗೂಲಿಯೋಳು.”

“ಸುಮ್ನಿರು.”

ಒಳಗೆ ಹುರಿಯುವ ಸದ್ದು ನಿಂತಿತು. ಅಮ್ಮ ಏನೋ ಗದರಿದ್ದು ಕೇಳಿಸಿತು, ನಶ್ವಾ ಏನೋ ಎದುರಾಡಿದ್ದು ಕೇಳಿಸಿತು. ಆಮೇಲೆ ಬಾಗಿಲು ಪೂರ್ತಿ ತೆರೆಯಿತು. ನಶ್ವಾ ಕೂಸನ್ನು ಎದೆಗೊತ್ತಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು, ಮುಗ್ಗರಿಸುವ ಹಾಗೆ ಹೊಸ್ತಿಲು ದಾಟಿ ಹೊರಗೆ ಬಂದಳು. ಬಂದು ತೇತಾಳ ಎದುರು ನಿಂತಳು.

ತೇತಾ ಕೂಸಿನ ಕಡೆ ಕೈ ಚಾಚಲಿಲ್ಲ.

“ನೀನೇ ಬಂದ್ಯಾ, ನಿಮ್ಮಮ್ಮ ಕಳಿಸಿದ್ಳಾ?”

“ನೂಕಿದ್ಳು,” ಅಂದಳು ನಶ್ವಾ.

“ಹಾಗಾದ್ರೆ ಬರ್ತೀನಿ.”